ಉಸಿರನ್ನು ಮರಳಿಸುವ ಔಷಧ

ಗಸಗಸೆ ಗಿಡದ ಎಳೆಗಾಯಿಯ ಹಾಲಿನಿಂದ ಅಫೀಮು ದೊರೆಯುವುದೆಂಬುದು ಸರ್ವವಿದಿತ. ಅದರಿಂದ ಪಡೆದ ಮಾರ್ಫಿನ್, ಮಾರ್ಫಿನ್ನಿನಿಂದ ತಯಾರಾಗುವ ಹೆರಾಯಿನ್, ಗಿಡದ ಸಂಬಂಧವಿಲ್ಲದೆ ರಸಾಯನಶಾಲೆಯಲ್ಲಿಯೇ ಸಿದ್ಧವಾಗುವ ಫೆಂಟನಿಲ್ ಇವೆಲ್ಲವೂ ಒಂದೇ ಗುಣದವು. ನೋವನ್ನು ಶಮನಗೊಳಿಸುವ ಇವೇ ದ್ರವ್ಯಗಳು ಮಿತಿಮೀರಿ ದೇಹವನ್ನು ಸೇರಿದಾಗ, ಮಿದುಳಿನ ಬುಡದಲ್ಲಿದ್ದು ಉಸಿರಾಟವನ್ನು ನಡೆಸುವ ಕೇಂದ್ರವನ್ನು ಮಂಕುಗೊಳಿಸುತ್ತವೆ. ತುಟಿ ನೀಲಿಗಟ್ಟುತ್ತದೆ; ಗೊರಕೆಯಂತಹ ಸದ್ದು ಕೇಳಿಬಂದು ಕ್ರಮೇಣ ಅದೂ ನಿಲ್ಲುತ್ತದೆ. ಬಳಿಯಲ್ಲಿದ್ದವರು ಗಾಢನಿದ್ರೆಯೆಂದು ಭ್ರಮಿಸಿ ಸುಮ್ಮನಾಗುವುದೂ ಉಂಟು.

ಇದಕ್ಕೆ ಪ್ರತ್ಯೌಷಧವು ಬಹುಕಾಲದಿಂದ ತಿಳಿದಿದೆ. ಜ್ಯಾಕ್ ಫಿಷ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ ಎಂಬ ವಿಜ್ಞಾನಿಗಳು ನಲಾಕ್ಸೋನಿನ ಹಕ್ಕುಸ್ವಾಮ್ಯಕ್ಕೆ 1961ರಲ್ಲಿ ಅರ್ಜಿ ಸಲ್ಲಿಸಿದರು. 1971ರಲ್ಲಿ ಅಮೆರಿಕದ ಸರಕಾರವು ಅದರ ಬಳಕೆಗೆ ಸಮ್ಮತಿಯಿತ್ತಿತು. ನರಕೋಶದ ಮೇಲೆ ಅಫೀಮು ಹಿಡಿದಿರುವ ಸ್ಥಾನವನ್ನೇ ನಲಾಕ್ಸೋನ್ ಇನ್ನೂ ಬಿಗಿಯಾಗಿ ಹಿಡಿದು, ಅದನ್ನು ಅಲ್ಲಿಂದ ತಳ್ಳಿಬಿಡುತ್ತದೆ. ಎರಡು ಮೂರು ನಿಮಿಷಗಳಲ್ಲಿ ಉಸಿರು ಮರಳಬಹುದು. ಆದರೆ ಇದರ ಶಕ್ತಿ 30ರಿಂದ 90 ನಿಮಿಷಗಳವರೆಗೆ ಮಾತ್ರ. ಬಳಿಕ ಅಫೀಮು ಪುನಃ ಮೇಲುಗೈ ಪಡೆಯುವ ಸಂಭವವಿರುವುದರಿಂದ ವೈದ್ಯರನ್ನು ಕರೆಯಿಸುವುದು ಅತ್ಯವಶ್ಯ.

ಇಷ್ಟಿದ್ದರೂ ಈ ಔಷಧವು ಬಹುಕಾಲ ಆಸ್ಪತ್ರೆಯ ಕಪಾಟಿನಲ್ಲಿಯೂ ತುರ್ತುವಾಹನದಲ್ಲಿಯೂ ಉಳಿಯಿತು. ಉಸಿರು ನಿಂತವನಿಗೆ ಉಳಿದಿರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವನ ಬಳಿಯಿರುವವರು ತಾಯಿ, ಗೆಳೆಯ ಅಥವಾ ದಾರಿಹೋಕ. ಇದನ್ನು ಮನಗಂಡ ಡ್ಯಾನ್ ಬಿಗ್ ಮತ್ತವರ ಸಂಗಡಿಗರು ಷಿಕಾಗೋ ನಗರದಲ್ಲಿ 1996ರಿಂದ ವ್ಯಸನಿಗಳ ಕೈಗೇ ನಲಾಕ್ಸೋನ್ ಕೊಡಲಾರಂಭಿಸಿದರು.

ಔಷಧ ಕೈಯಲ್ಲಿದ್ದರೆ ವ್ಯಸನಿಯು ನಿರ್ಭೀತನಾಗುವನೆಂಬ ಆಕ್ಷೇಪ ಅಂದಿನಿಂದಲೂ ಉಂಟು. ಆದರೆ ಈ ಔಷಧವು ವ್ಯಸನಿಗೆ ಕೊಡುವುದು ನಡುಕ, ವಾಂತಿ, ಮೈನೋವುಗಳನ್ನು. ಅದನ್ನು ನೆಚ್ಚಿ ಯಾರು ತಾನೇ ಸುಖಕ್ಕೆ ಹೊರಟಾರು? ಮ್ಯಾಸಚೂಸೆಟ್ಸ್ ರಾಜ್ಯದ 19 ಊರುಗಳ ಅನುಭವವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಜನರಿಗೆ ತರಬೇತಿಯನ್ನೂ ಔಷಧವನ್ನೂ ಕೊಟ್ಟ ಕಡೆಗಳಲ್ಲಿ ಮರಣದ ಪ್ರಮಾಣ ತಗ್ಗಿದುದನ್ನು ತೋರಿಸಿತು.

ಫಿಷ್‌ಮನ್ನರ ಮಲಮಗನೇ 2003ರಲ್ಲಿ ಹೆರಾಯಿನ್ ಮಿತಿಮೀರಿ ಮೃತಪಟ್ಟನು. ಔಷಧವನ್ನು ಕಂಡುಹಿಡಿದವರ ಮನೆಗೂ ಅದು ಸಕಾಲಕ್ಕೆ ಒದಗಲಿಲ್ಲ.

2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮಾದಕದ್ರವ್ಯಗಳ ಅತಿಸೇವನೆಯಿಂದ ಲಕ್ಷಕ್ಕೂ ಮಿಕ್ಕಿ ಜನ ಅಸುನೀಗಿದರು. ಅವರಲ್ಲಿ ಸುಮಾರು 80,000 ಮಂದಿಯ ಸಾವಿನಲ್ಲಿ ಅಫೀಮು ವರ್ಗದ ದ್ರವ್ಯಗಳಿದ್ದವು. ಕಡೆಗೆ 2023ರ ಮಾರ್ಚ್ ತಿಂಗಳಲ್ಲಿ, ಮೂಗಿಗೆ ಸಿಂಪಡಿಸುವ 4 ಮಿಲಿಗ್ರಾಮಿನ ನಲಾಕ್ಸೋನನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಲ್ಲಿ ಅನುಮತಿ ದೊರೆಯಿತು. ಸೂಜಿ ಬೇಡ, ಮೂಗಿನ ಹೊಳ್ಳೆಯಲ್ಲಿಟ್ಟು ಒತ್ತಿದರಾಯಿತು. ಅದೇ ವರ್ಷ ಅಂಗಡಿಗೆ ಬಂದಾಗ ಎರಡು ಸಿಂಪಡಿಕೆಗಳ ಪೊಟ್ಟಣಕ್ಕೆ ಸುಮಾರು 45 ಡಾಲರ್ ಬೆಲೆಯಿತ್ತು. ಬೀದಿಯಲ್ಲಿ ಮಲಗುವವನಿಗೆ ಅದು ಎಟುಕುವ ಬೆಲೆಯಲ್ಲ. ಅವನಿಗೆ ಇಂದಿಗೂ ಧರ್ಮಾರ್ಥವಾಗಿ ಹಂಚುವ ಸಂಘಗಳೂ ಆರೋಗ್ಯ ಇಲಾಖೆಗಳೂ ಗತಿ.