ತೈಲವನ್ನು ಆಯ್ದು ಹಿಡಿಯುವ ಅಣುಗಳು

ದ್ರವವೊಂದು ಹರಿಯುವ ಗುಣವನ್ನು ತೊರೆದು, ಪಾತ್ರೆಯನ್ನು ಬೋರಲು ಹಾಕಿದರೂ ಸುರಿಯದೆ ನಿಲ್ಲುವ ಸ್ಥಿತಿಗೆ ವಿಜ್ಞಾನದಲ್ಲಿ ‘ಜೆಲ್’ ಎಂದು ಹೆಸರು. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆ, ಹೆಪ್ಪುಗಟ್ಟಿದ ಮೊಸರು ಇವು ಈ ಸ್ಥಿತಿಯ ಪರಿಚಿತ ನಿದರ್ಶನಗಳು. ಇವುಗಳಲ್ಲಿ ಹೆಚ್ಚಿನ ಪಾಲು ದ್ರವವೇ ಆಗಿದ್ದು, ಘನಾಂಶವು ಅತ್ಯಲ್ಪ. ಆ ಅಲ್ಪಾಂಶವೇ ಬಲೆಯಾಗಿ ಹೆಣೆದುಕೊಂಡು ತನ್ನ ಕಣ್ಣುಗಳಲ್ಲಿ ದ್ರವವನ್ನು ಹಿಡಿದಿಡುತ್ತದೆ.

ಈ ಬಲೆಯ ಎಳೆಗಳು ಯಾವುದರಿಂದಾದವು ಎಂಬುದನ್ನು ಅನುಸರಿಸಿ ಜೆಲ್‌ಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯ ಬಗೆಯಲ್ಲಿ ಎಳೆಗಳು ಪಾಲಿಮರ್ ಎಂಬ ದೀರ್ಘ ಸರಪಳಿಗಳು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು 1980ರ ದಶಕದಲ್ಲಿ ರೂಪಿಸಿದ ‘ಜಲಶಕ್ತಿ’ ಈ ವರ್ಗಕ್ಕೆ ಸೇರಿದುದು. ಮಣ್ಣಿನಲ್ಲಿ ತೇವವನ್ನು ಕಾಯ್ದಿಡುವ ಉದ್ದೇಶದಿಂದ ಹುಟ್ಟಿದ ಈ ವಸ್ತು ತನ್ನ ತೂಕದ ಅನೇಕ ಪಟ್ಟು ನೀರನ್ನು ಹೀರಿ ಉಬ್ಬುತ್ತದೆ. ಇದರ ಸರಪಳಿಗಳು ಬಲವಾದ ರಾಸಾಯನಿಕ ಬಂಧಗಳಿಂದ ಪರಸ್ಪರ ಬೆಸೆದಿರುವುದರಿಂದ ಅದು ಉಬ್ಬೀತೇ ಹೊರತು ಕರಗದು.

ಎರಡನೆಯ ಬಗೆಯಲ್ಲಿ ದೀರ್ಘ ಸರಪಳಿಗಳೇ ಇಲ್ಲ. ಚಿಕ್ಕ ಅಣುಗಳು ತಾವಾಗಿಯೇ ಒಂದರ ಪಕ್ಕ ಒಂದು ಸೇರಿ ನಾರುಗಳಾಗುತ್ತವೆ. ನಾರುಗಳು ಹೆಣೆದುಕೊಂಡು ಬಲೆಯಾಗುತ್ತವೆ. ಇದನ್ನು ಸ್ವಯಂಜೋಡಣೆ ಎನ್ನಬಹುದು. ಇಲ್ಲಿ ಅಣುಗಳನ್ನು ಕೂಡಿಸುವುದು ಜಲಜನಕ ಬಂಧದಂತಹ ದುರ್ಬಲ ಆಕರ್ಷಣೆಗಳು. ಒಂದೊಂದೂ ದುರ್ಬಲವಾದರೂ ಅಸಂಖ್ಯವಾಗಿ ಸೇರಿದಾಗ ಅವು ದ್ರವವನ್ನು ತಡೆಯಬಲ್ಲವು. ಬಿಸಿಮಾಡಿದರೆ ಬಲೆ ಬಿಚ್ಚಿ ದ್ರವ ಮರಳುತ್ತದೆ. ಆರಿಸಿದರೆ ಮತ್ತೆ ಜೆಲ್ ಆಗುತ್ತದೆ.

ಈ ಬಗೆಯ ಅಣುಗಳು ಎಲ್ಲ ದ್ರಾವಕಗಳಲ್ಲಿಯೂ ಜೆಲ್ ಆಗುವುದಿಲ್ಲ ಎಂಬುದು ಮುಖ್ಯವಾದ ಸಂಗತಿ. ದ್ರಾವಕವು ಅಣುವನ್ನು ಪೂರ್ತಿಯಾಗಿ ಕರಗಿಸಿಕೊಂಡರೆ ಸಾಮಾನ್ಯ ದ್ರಾವಣವಷ್ಟೇ ಉಳಿಯುತ್ತದೆ. ಒಂದಿಷ್ಟೂ ಕರಗಿಸದಿದ್ದರೆ ಪುಡಿ ತಳಕ್ಕಿಳಿಯುತ್ತದೆ. ಕರಗುವಿಕೆ ಮತ್ತು ಕೂಡುವಿಕೆಗಳ ನಡುವಣ ಸಮತೋಲದಲ್ಲಿ ಮಾತ್ರ ಜೆಲ್ ಸಾಧ್ಯ. ಹೀಗಾಗಿ ಒಂದೇ ಅಣು ಒಂದು ದ್ರವವನ್ನು ಹಿಡಿದು ಇನ್ನೊಂದನ್ನು ಬಿಡುವುದುಂಟು.

ಈ ಆಯ್ಕೆಯ ಗುಣಕ್ಕೆ ಉಪಯೋಗದ ದಾರಿಯನ್ನು ತೋರಿದ ಸಂಶೋಧನೆಗಳಲ್ಲೊಂದು ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂತನು ಭಟ್ಟಾಚಾರ್ಯ ಮತ್ತು ಯಮುನಾ ಕೃಷ್ಣನ್-ಘೋಷ್ ಅವರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಣ್ಣೆ ಮತ್ತು ನೀರು ಒಟ್ಟಿಗಿರುವಾಗ ಎಣ್ಣೆಯನ್ನು ಮಾತ್ರ ಜೆಲ್ ಆಗಿಸುವ ಅಣುವೊಂದನ್ನು ವಿವರಿಸಿದರು. ಅದರ ರಚನೆ ಸರಳವಾದುದು. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಭಾಗವೊಂದು, ಪ್ರೋಟೀನುಗಳಲ್ಲಿ ಕಂಡುಬರುವ ಅಲನೈನ್ ಎಂಬ ಅಮೈನೊ ಆಮ್ಲದ ಭಾಗ ಇನ್ನೊಂದು. ಎರಡೂ ಸೇರಿದ ಲಾರಾಯಿಲ್ ಅಲನೈನ್‌ನ ಅಣುತೂಕ ಸುಮಾರು 271 ಮಾತ್ರ.

ಇಂಗಾಲದ ಉದ್ದ ಸರಪಳಿಯಿರುವ ಭಾಗ ಎಣ್ಣೆಗೆ ಹೊಂದಿಕೊಳ್ಳುತ್ತದೆ. ಅಲನೈನ್ ಭಾಗ ಎಣ್ಣೆಯಲ್ಲಿ ತನಗೆ ಜೊತೆಯನ್ನು ಕಾಣದೆ ನೆರೆಯ ಅಣುವಿನ ಅಂಥದೇ ಭಾಗದೊಡನೆ ಜಲಜನಕ ಬಂಧವನ್ನು ಏರ್ಪಡಿಸಿಕೊಳ್ಳುತ್ತದೆ. ನೀರಿನಲ್ಲಾದರೋ ನೀರಿನ ಅಣುಗಳೇ ಆ ಬಂಧಕ್ಕೆ ಪೈಪೋಟಿ ನೀಡುತ್ತವೆ. ಆದುದರಿಂದ ಬಲೆಯು ಎಣ್ಣೆಯ ಪದರದಲ್ಲಿಯೇ ರಚನೆಗೊಂಡು ನೀರು ಹಾಗೆಯೇ ಉಳಿಯುತ್ತದೆ. ಪುಣೆಯ ‘ಜಲಶಕ್ತಿ’ ನೀರನ್ನು ಹಿಡಿದರೆ ಬೆಂಗಳೂರಿನ ಅಣು ನೀರನ್ನು ಬಿಟ್ಟು ಎಣ್ಣೆಯನ್ನು ಹಿಡಿಯಿತು.

ಇದರ ಮಹತ್ವವನ್ನು ಅರಿಯಲು ಕಡಲತೀರವನ್ನು ನೋಡಬೇಕು. 2017ರ ಜನವರಿ 28ರಂದು ಚೆನ್ನೈ ಸಮೀಪದ ಎನ್ನೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ಸಮುದ್ರಕ್ಕೆ ಹರಿದಾಗ, ದಡಕ್ಕೆ ಬಂದ ಕಪ್ಪು ರಾಡಿಯನ್ನು ಜನರು ಬಕೆಟ್ಟುಗಳಲ್ಲಿ ಮೊಗೆದು ತೆಗೆಯಬೇಕಾಯಿತು. ಹರಡುವ ಎಣ್ಣೆಯನ್ನು ನೀರಿನ ಮೇಲೆಯೇ ಗಟ್ಟಿಯಾಗಿಸಿ ಎತ್ತುವಂತಿದ್ದರೆ ಮೀನುಗಾರರ ಬದುಕಿಗೂ ಜಲಚರಗಳಿಗೂ ಆಗುವ ಹಾನಿ ಎಷ್ಟೋ ತಗ್ಗುತ್ತಿತ್ತು.

ಆದರೆ ಪ್ರಯೋಗಾಲಯದ ಸೀಸೆಗೂ ಸಮುದ್ರಕ್ಕೂ ಅಂತರ ದೊಡ್ಡದು. ಇಂತಹ ಅನೇಕ ಅಣುಗಳನ್ನು ಮೊದಲು ಬಿಸಿಮಾಡಿ ಅಥವಾ ಬೇರೊಂದು ದ್ರಾವಕದಲ್ಲಿ ಕರಗಿಸಿ ಬಳಸಬೇಕು. ಅಲೆಗಳ ನಡುವೆ ಮೊದಲನೆಯದು ಅಸಾಧ್ಯ. ಎರಡನೆಯದು ನೀರಿಗೆ ಹೊಸ ಮಾಲಿನ್ಯವನ್ನು ಸೇರಿಸಬಹುದು. 2017ರಲ್ಲಿಯೇ ತಿರುವನಂತಪುರದ ಐಸರ್ ಸಂಸ್ಥೆಯ ಕಾನಾ ಸುರೇಶನ್ ಮತ್ತು ಅವರ ಸಹೋದ್ಯೋಗಿ, ಜೆಲ್ ಕಟ್ಟುವ ಅಣುವನ್ನು ಸೆಲ್ಯುಲೋಸಿನ ಮೇಲೆ ಲೇಪಿಸಿ, ನೇರವಾಗಿ ಎರಚಬಹುದಾದ ಪುಡಿಯನ್ನು ರೂಪಿಸಿ ಈ ತೊಡಕಿಗೆ ಪರಿಹಾರವೊಂದನ್ನು ಸೂಚಿಸಿದರು. ಆ ಪುಡಿ ನೀರಿನ ಮೇಲೆ ತೇಲುತ್ತ ಎಣ್ಣೆಯನ್ನು ಹೀರಿ ಗಟ್ಟಿಯಾಗುತ್ತದೆ.

ಎಣ್ಣೆಯನ್ನು ಹಿಡಿಯುವುದಷ್ಟರಿಂದಲೇ ಇಂತಹ ವಸ್ತು ಸಾರ್ಥಕವೆನಿಸದು. ಅದು ಅಗ್ಗವಾಗಿ ದೊರೆಯಬೇಕು, ಹಿಡಿದ ಎಣ್ಣೆಯನ್ನು ಮರಳಿ ಕೊಡಬೇಕು, ಕಡಲಿನಲ್ಲಿ ಉಳಿದುಹೋದ ಅಂಶವು ಜೀವಿಗಳಿಗೆ ಕೇಡು ಮಾಡದೆ ಕ್ಷಯಿಸಬೇಕು. ಮರಳಿ ಕೊಡುವ ಗುಣವು ದುರ್ಬಲ ಬಂಧಗಳಿಂದಲೇ ಬರುವಂಥದು. ಕೊಬ್ಬಿನಾಮ್ಲ ಮತ್ತು ಅಮೈನೊ ಆಮ್ಲಗಳಂತಹ ಜೀವಮೂಲದ ಘಟಕಗಳನ್ನು ಆರಿಸಿಕೊಂಡ ಬೆಂಗಳೂರಿನ ಪ್ರಯೋಗವು ಉಳಿದ ಎರಡು ಅಗತ್ಯಗಳ ಕಡೆಗೂ ದಾರಿ ತೋರಿತೆನ್ನಬಹುದು.