ಕತ್ತಲಲ್ಲಿ ಓಡುವ ಹುಡುಗನಿಗೆ

ಮಗೂ, ಮೊನ್ನೆ ಫೋನಿನಲ್ಲಿ ಮಾತಾಡುವಾಗ ನೀನು ನಾಲ್ಕು ಸಲ ಕೆಮ್ಮಿದೆ. ಆಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಸಂಜೆ ಆರಕ್ಕೆ ಆಫೀಸು ಬಿಟ್ಟು, ತಲೆಗೆ ದೀಪ ಕಟ್ಟಿಕೊಂಡು ಸ್ಟಾಕ್‌ಹೋಮ್ ಪಕ್ಕದ ನಾಕಾದ ಕಾಡಿನಲ್ಲಿ ಎರಡು ಗಂಟೆ ಓಡಿ, ಮನೆಗೆ ಬಂದು ಊಟವಾದ ಮೇಲೆ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತೀಯಂತೆ. ಬೆಳಕು ಹರಿಯುವ ಮುಂಚೆ ಇನ್ನೊಂದು ಓಟ. ವಸಂತದಲ್ಲಿ ಟಿಯೋಮಿಲಾ ಓರಿಯೆಂಟಿಯರಿಂಗ್ ರಿಲೇ ಇದೆ, ಹತ್ತು ಜನರ ತಂಡದಲ್ಲಿ ರಾತ್ರಿಯ ಸರದಿ ನನ್ನದೇ ಆಗಬೇಕು ಎಂದು ನೀನು ಹೇಳಿದೆ. ಆ ಆಸೆ ದೊಡ್ಡದು, ಒಳ್ಳೆಯದು. ಅದು ಕೈಗೂಡಲಿ ಎಂದೇ ಈ ನಾಲ್ಕು ಮಾತು.

ಓಡಿದ ಗಂಟೆಗಳನ್ನು ಡೈರಿಯಲ್ಲಿ ಬರೆದಿಡುತ್ತೀಯಲ್ಲ, ಅದರ ಪಕ್ಕದಲ್ಲೇ ಆಫೀಸಿನ ಗಂಟೆ, ನಿದ್ದೆಯ ಗಂಟೆಗಳನ್ನೂ ಬರೆ. ಕಾಡಿನ ದಣಿವು ಬೇರೆ, ಕುರ್ಚಿಯ ದಣಿವು ಬೇರೆ ಎಂದು ಮೈ ಲೆಕ್ಕ ಇಡುವುದಿಲ್ಲ. ನಾನು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದಾಗ ಇದನ್ನು ತಿಳಿಯದೆ ಒಂದಿಡೀ ಚಳಿಗಾಲ ನಿದ್ದೆ ಕದ್ದು ಓಡಿದೆ. ಮಾರ್ಚ್ ಬರುವಷ್ಟರಲ್ಲಿ ಮೆಟ್ಟಿಲು ಹತ್ತಿದರೂ ಕಾಲು ಸೋಲುತ್ತಿತ್ತು. ಆ ವರ್ಷದ ಓಟವೇ ಹೋಯಿತು. ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದ ವಾರ ಓಟವನ್ನು ಅರ್ಧಕ್ಕಿಳಿಸು. ಮುಂದಿನ ವಾರ ಆ ಬಾಕಿ ತೀರಿಸಲು ಹೋಗಬೇಡ.

ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಹುಡುಕುತ್ತ ಓಡುವ ನಮ್ಮ ಓರಿಯೆಂಟಿಯರಿಂಗ್‌ನಲ್ಲಿ ಕಾಲಿಗಿಂತ ಮುಂಚೆ ಸೋಲುವುದು ತಲೆ. ಹಗಲಲ್ಲಾದರೆ ದೂರದ ಗುಡ್ಡ, ಜೌಗು ಕಂಡು ದಾರಿ ಸರಿಪಡಿಸಿಕೊಳ್ಳಬಹುದು. ರಾತ್ರಿ ದೀಪ ಬಿದ್ದಷ್ಟೇ ಲೋಕ. ನಕ್ಷೆಯಲ್ಲಿ ಎತ್ತರ ತೋರುವ ಕಂದು ಗೆರೆಗಳು ಕಣ್ಣೆದುರು ಗುಡ್ಡವಾಗಿ, ತಗ್ಗಾಗಿ ಏಳಬೇಕು. ದಿನವಿಡೀ ಮೀಟಿಂಗ್‌ಗಳಲ್ಲಿ ಬೆಂದ ತಲೆಗೆ ಅವು ಬರೀ ಗೆರೆಗಳು. ಆಗ ದಾರಿ ತಪ್ಪಿ, ಅದೇ ತಪ್ಪು ಓದನ್ನು ರೂಢಿ ಮಾಡಿಕೊಂಡು ಬರುತ್ತೀಯ. ಅಂಥ ಸಂಜೆ ನಕ್ಷೆ, ದಿಕ್ಸೂಚಿ ಮನೆಯಲ್ಲೇ ಇರಲಿ. ದೀಪದ ಕಂಬಗಳಿರುವ ಕಾಡುದಾರಿಯಲ್ಲಿ ನಲವತ್ತು ನಿಮಿಷ ನಿಧಾನವಾಗಿ ಓಡಿ ಬಂದು ಮಲಗು. ನಕ್ಷೆಯ ಓಟವನ್ನು ಕೆಲಸ ಹಗುರಾದ ದಿನಕ್ಕೆ ಇಟ್ಟುಕೋ.

ಡಿಸೆಂಬರಿನ ಸ್ಟಾಕ್‌ಹೋಮಿನಲ್ಲಿ ಬೆಳಗಿನ ಎಂಟೂ ಮುಕ್ಕಾಲರ ಸುಮಾರಿಗೆ ಮೂಡುವ ಸೂರ್ಯ ಮಧ್ಯಾಹ್ನ ಮೂರಕ್ಕೂ ಮುಂಚೆ ಮುಳುಗುತ್ತಾನೆ. ಆ ಆರು ಗಂಟೆ ಬೆಳಕೂ ನಿನ್ನ ಆಫೀಸಿನ ಪಾಲು. ಮ್ಯಾನೇಜರ್ ಹತ್ತಿರ ಸಂಕೋಚಪಡದೆ ಕೇಳು: ವಾರಕ್ಕೆರಡು ದಿನ ಊಟದ ಹೊತ್ತಿನಲ್ಲಿ ಒಂದೂವರೆ ಗಂಟೆ ಬಿಡುವು, ಅದರ ಬದಲು ಬೆಳಿಗ್ಗೆ ಬೇಗ ಬರುತ್ತೇನೆ ಎಂದು. ಈ ದೇಶದಲ್ಲಿ ಹಾಗೆ ಕೇಳುವುದು ತಪ್ಪಲ್ಲ. ವೇಗದ ಓಟವನ್ನೆಲ್ಲ ಆ ಬೆಳಕಿನಲ್ಲೇ ಮಾಡು, ಹಿಮ ಗಟ್ಟಿಯಾದ ಮೇಲೆ ಮೊಳೆ ಶೂ ಇಲ್ಲದೆ ಕಾಲಿಡಬೇಡ. ವರ್ಷದ ಇಪ್ಪತ್ತೈದು ದಿನದ ರಜೆಯಲ್ಲಿ ಒಂದು ವಾರವನ್ನು ಫೆಬ್ರವರಿಗೆ ಉಳಿಸಿದರೆ ಕ್ಲಬ್ಬಿನವರ ಜೊತೆ ಪೋರ್ಚುಗಲ್ಲಿಗೆ ಹೋಗಿ ಒಣ ನೆಲದ ಮೇಲೆ ನಕ್ಷೆ ಓದಬಹುದು. ಕತ್ತಲೆಯ ಐವತ್ತು ಸಂಜೆಗಿಂತ ಆ ಏಳು ದಿನ ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಅನುಭವ.

ಇನ್ನು ಕೆಮ್ಮಿನ ಮಾತು. ಇದನ್ನು ಮಾತ್ರ ನನ್ನ ಮೇಲೆ ಆಣೆಯಿಟ್ಟಂತೆ ಕೇಳು. 1979ರಿಂದ 1992ರವರೆಗೆ ಸ್ವೀಡನ್ನಿನಲ್ಲಿ ಹದಿನಾರು ಜನ ಎಳೆಯ ಓರಿಯೆಂಟಿಯರಿಂಗ್ ಓಟಗಾರರು ಇದ್ದಕ್ಕಿದ್ದಂತೆ ಹೃದಯ ನಿಂತು ಸತ್ತರು. ನಿನ್ನ ಹಾಗೇ ಗಟ್ಟಿಮುಟ್ಟಾದವರು. ಹಲವರ ಹೃದಯದ ಸ್ನಾಯುವಿನಲ್ಲಿ ಉರಿಯೂತ ಕಂಡುಬಂತು. 1992ರ ಕೊನೆಯಲ್ಲಿ ದೇಶದ ಓರಿಯೆಂಟಿಯರಿಂಗ್ ಒಕ್ಕೂಟ ಮೇಲ್ಮಟ್ಟದ ಸ್ಪರ್ಧೆಯನ್ನೂ ಕಠಿಣ ತರಬೇತಿಯನ್ನೂ ಸುಮಾರು ಆರು ತಿಂಗಳು ನಿಲ್ಲಿಸಿತು. ಆ ಚಳಿಗಾಲ ನಾನು ಇಲ್ಲೇ ಇದ್ದೆ. ಒಂದು ಇಡೀ ದೇಶ ತನ್ನ ಓಟಗಾರರಿಗೆ ಕೂತುಕೊಳ್ಳಿ ಎಂದು ಹೇಳಿದ್ದನ್ನು ಕಣ್ಣಾರೆ ಕಂಡವನು ನಾನು. ಅದಕ್ಕೇ ಹೇಳುವುದು, ಜ್ವರ, ಗಂಟಲು ನೋವು, ಮೈಕೈ ನೋವು ಇದ್ದರೆ ಶೂ ಮುಟ್ಟಲೇಬೇಡ. ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ನಾಡಿ ಎಣಿಸು. ದಿನದ ರೂಢಿಗಿಂತ ಎಂಟು ಹತ್ತು ಬಡಿತ ಏರಿದ್ದರೆ ಅಂದು ರಜೆ. ಎದೆ ನೋವೋ ತಲೆ ಸುತ್ತೋ ಬಂದರೆ ಕೋಚ್ ಏನೆನ್ನುತ್ತಾನೆ ಎಂದು ಯೋಚಿಸದೆ ನೇರ ಆಸ್ಪತ್ರೆಗೆ ಹೋಗು.

ನಮ್ಮದು ಮಾಂಸ ಮುಟ್ಟದ ಮನೆ. ಕಬ್ಬಿಣದಂಶ, ಬಿ12, ಡಿ ವಿಟಮಿನ್ ಎಷ್ಟಿವೆ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸು. ಇಲ್ಲಿನ ಚಳಿಗಾಲದ ಬಿಸಿಲಿನಿಂದ ಚರ್ಮ ಡಿ ವಿಟಮಿನ್ ಮಾಡಿಕೊಳ್ಳಲಾರದು, ನಮ್ಮ ಮೈಬಣ್ಣಕ್ಕಂತೂ ಬೇಸಿಗೆಯ ಬಿಸಿಲೂ ಹೆಚ್ಚು ಹೊತ್ತು ಬೇಕು. ಓಡಿ ಬಂದ ಕೂಡಲೇ ಏನಾದರೂ ತಿನ್ನು, ಬೇಯಿಸಿಕೊಂಡೇ ಉಣ್ಣಬೇಕೆಂದು ಹತ್ತರವರೆಗೆ ಹಸಿದಿರಬೇಡ.

ಭಾನುವಾರ ನಾಕಾದ ಹೆಲ್ಲಾಸ್‌ಗೋರ್ಡೆನ್‌ನಲ್ಲಿ ನಿನ್ನ ಉದ್ದದ ಓಟ ಮುಗಿಯುವ ಹೊತ್ತಿಗೆ ನಾನೂ ದೊಡ್ಡಮ್ಮನೂ ಕಾರು ತಂದು ಕಾಯುತ್ತಿರುತ್ತೇವೆ. ಥರ್ಮಾಸಿನಲ್ಲಿ ಮೆಣಸಿನ ಸಾರು, ಡಬ್ಬಿಯಲ್ಲಿ ಬಿಸಿಬೇಳೆಬಾತು ಇರುತ್ತದೆ. ಕೆಮ್ಮು ಇನ್ನೂ ಹೋಗಿರದಿದ್ದರೆ ಶನಿವಾರವೇ ಒಂದು ಫೋನ್ ಮಾಡು, ಅದೇ ಡಬ್ಬಿಯನ್ನು ನಿನ್ನ ಮನೆಗೆ ತರುತ್ತೇವೆ.