ಎಂಜಿನ್ ಅರೆಜೀವವಾದಾಗ

ಟೇಕಾಫ್ ಆದ ಕೂಡಲೇ ಎಂಜಿನ್ ಪೂರ್ತಿ ನಿಂತುಹೋದರೆ ಪೈಲಟ್‌ಗೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಎದುರಿಗೆ ಯಾವ ಜಾಗವಿದೆಯೋ ಅಲ್ಲೇ ಇಳಿಯಬೇಕು. ಅದೇ ಎಂಜಿನ್ ಕೆಮ್ಮುತ್ತಾ ಅರೆಜೀವವಾಗಿ ಓಡುತ್ತಿದ್ದರೆ ಮನಸ್ಸು ಆಸೆಗೆ ಬೀಳುತ್ತದೆ. ಹೇಗಾದರೂ ತಿರುಗಿ ರನ್‌ವೇ ಸೇರಿಬಿಡೋಣ ಅನ್ನಿಸುತ್ತದೆ. ವರ್ಷಗಟ್ಟಲೆ ಸೆಸ್ನಾ 172ರಲ್ಲಿ ಹಾರಾಟ ಕಲಿಸಿದ ನಾನು ಹೆದರುವುದು ಈ ಆಸೆಗೆ.

ಅವತ್ತು ಬೆಳಗಿನ ಮೊದಲ ಹಾರಾಟ. ಎಡ ಸೀಟಿನಲ್ಲಿ ವಿದ್ಯಾರ್ಥಿ. ನೆಲದಿಂದ ಸುಮಾರು 300 ಅಡಿ ಏರಿದ್ದೆವು. ಇದ್ದಕ್ಕಿದ್ದಂತೆ ಇಡೀ ವಿಮಾನ ನಡುಗಿತು, ಆರ್‌ಪಿಎಂ 2,400ರಿಂದ 1,900ಕ್ಕೆ ಕುಸಿಯಿತು. "ಸರ್, ತಿರುಗಿಸ್ಲಾ?" ಎಂದವನು ಆಗಲೇ ಎಡಕ್ಕೆ ವಾಲಿಸತೊಡಗಿದ್ದ. "ಐ ಹ್ಯಾವ್ ಕಂಟ್ರೋಲ್" ಎಂದು ಯೋಕ್ ಹಿಡಿದು, ರೆಕ್ಕೆ ಸಮ ಮಾಡಿ, ಮೂಗು ತಗ್ಗಿಸಿದೆ. ವೇಗ 65 ನಾಟ್‌ಗೆ ಬಂದು ನಿಂತಿತು. ಕಾರ್ಬ್ಯುರೇಟರ್ ಹೀಟ್ ಎಳೆದೆ. ಫ್ಯುಯೆಲ್ ಸೆಲೆಕ್ಟರ್, ಮಿಕ್ಸ್ಚರ್, ಮ್ಯಾಗ್ನೆಟೊ ನೋಡಿದೆ. ನಡುಕ ಹಾಗೇ ಇತ್ತು. ಎದುರಿಗೆ ರಾಗಿ ಕೊಯ್ದ ಹೊಲ. ಫ್ಲ್ಯಾಪ್ ಇಳಿಸಿ, ಎಂಜಿನ್ ಆಫ್ ಮಾಡಿ ಅಲ್ಲೇ ಇಳಿದೆವು. ಬದುವಿಗೆ ಸಿಕ್ಕಿ ಮುಂಚಕ್ರದ ಕಾಲು ಮುರಿಯಿತು. ನಮಗಿಬ್ಬರಿಗೂ ಏನೂ ಆಗಲಿಲ್ಲ. ಒಂದು ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್ ಕಚ್ಚಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಟೇಕಾಫ್‌ಗೆ ಮೊದಲು ನೆಲದ ಮೇಲೆ ಮಾಡುವ ಎಂಜಿನ್ ಪರೀಕ್ಷೆಯಲ್ಲಿ (ರನ್‌ಅಪ್) ಅದರ ಸುಳಿವೇ ಸಿಕ್ಕಿರಲಿಲ್ಲ.

ತಿರುಗಿದ್ದರೆ ಏನಾಗುತ್ತಿತ್ತು? 180 ಡಿಗ್ರಿ ತಿರುಗಿದರೆ ರನ್‌ವೇ ಮೂಗಿನ ನೇರಕ್ಕೆ ಬರುವುದಿಲ್ಲ, ಪಕ್ಕಕ್ಕೆ ಉಳಿಯುತ್ತದೆ. ಅದನ್ನು ಹಿಡಿಯಲು ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ಹೊರಳಬೇಕು. ಎತ್ತರ ಉಳಿಸಿಕೊಳ್ಳುತ್ತಾ 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ, ಸುಮಾರು ಶೇ. 19ರಷ್ಟು ಏರುತ್ತದೆ. ನೆಲ ಹತ್ತಿರವಾಗುವುದನ್ನು ಕಂಡ ಕೈ ತಾನಾಗಿ ಯೋಕನ್ನು ಎಳೆಯುತ್ತದೆ, ವಿಮಾನ ಸ್ಟಾಲ್ ಆಗಿ ಗಿರಗಿರನೆ ಸುತ್ತುತ್ತಾ ಬೀಳುವ ಸ್ಪಿನ್‌ಗೆ ಜಾರುತ್ತದೆ. 300 ಅಡಿಯಲ್ಲಿ ಅದರಿಂದ ಹೊರಬರಲು ಜಾಗವೇ ಇಲ್ಲ.

ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ 2000ರಿಂದ 2010ರವರೆಗಿನ ಇಂಥ ಪ್ರಕರಣಗಳನ್ನು ಪರಿಶೀಲಿಸಿತ್ತು. ಒಂಟಿ ಎಂಜಿನ್ ವಿಮಾನಗಳಲ್ಲಿ ಟೇಕಾಫ್ ನಂತರ ಶಕ್ತಿ ಭಾಗಶಃ ಕುಂದಿದಾಗ 9 ಮಾರಣಾಂತಿಕ ಅಪಘಾತಗಳಾಗಿದ್ದವು. ಎಂಜಿನ್ ಮೊದಲಿಗೇ ಪೂರ್ತಿ ನಿಂತ ಪ್ರಕರಣಗಳಲ್ಲಿ ಒಂದೂ ಇರಲಿಲ್ಲ. ಇದನ್ನು ನಾನು ಪ್ರತಿ ವಿದ್ಯಾರ್ಥಿಗೂ ಓದಿ ಹೇಳುತ್ತೇನೆ. ಆದರೂ ತರಬೇತಿಯಲ್ಲಿ ನಾವು ಹೆಚ್ಚಾಗಿ ಅಭ್ಯಾಸ ಮಾಡಿಸುವುದು ಥ್ರಾಟಲ್ ಪೂರ್ತಿ ಮುಚ್ಚಿ. ಇದು ಸಾಲದು. ಸುರಕ್ಷಿತ ಎತ್ತರದಲ್ಲಿ ಥ್ರಾಟಲನ್ನು ಅರ್ಧಕ್ಕೆ ಇಳಿಸಿ, ವಿಮಾನ ಎಷ್ಟು ಎತ್ತರ ಕಳೆದುಕೊಳ್ಳುತ್ತದೆ ಎಂದು ಪ್ರತಿಯೊಬ್ಬನೂ ಕಣ್ಣಾರೆ ನೋಡಬೇಕು.

ಬೆಂಗಳೂರಿನಲ್ಲಿ ಹಾರುವವರಿಗೆ ಇನ್ನೊಂದು ಮಾತು. ಇಲ್ಲಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ವಿಮಾನಕ್ಕೆ ಸಿಗುವುದು 6,000 ಅಡಿಯಷ್ಟು ಮೇಲಿನ ತೆಳು ಗಾಳಿ. ಎಂಜಿನ್ ಆರೋಗ್ಯವಾಗಿದ್ದರೂ ವಿಮಾನ ಅಲ್ಲಿ ನಿಧಾನವಾಗಿ ಏರುತ್ತದೆ. ಇಲ್ಲಿನ ಜಕ್ಕೂರು ವಿಮಾನ ನಿಲ್ದಾಣದ ಸುತ್ತ ಈಗ ಕಟ್ಟಡಗಳು ಒತ್ತೊತ್ತಾಗಿ ಎದ್ದಿವೆ, ಬಯಲು ಹುಡುಕುವುದೇ ಕಷ್ಟ. ಆದ್ದರಿಂದ ಯಾವ ರನ್‌ವೇಯಿಂದ ಎದ್ದರೆ ಎಲ್ಲಿ ಇಳಿಯಬಹುದೆಂದು ನೆಲದ ಮೇಲಿರುವಾಗಲೇ ನಡೆದೋ, ನಕ್ಷೆ ನೋಡಿಯೋ ತಿಳಿದಿರಬೇಕು. ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದ ಲೆಕ್ಕ. ನೆಲದಿಂದ 700 ಅಡಿ ಆಗುವವರೆಗೆ ತಿರುಗುವುದಿಲ್ಲ ಎಂದು ನೀವು ತೀರ್ಮಾನಿಸಿದ್ದರೆ, ಮುಳ್ಳು 3,700 ದಾಟುವವರೆಗೆ ಆ ಯೋಚನೆಯೇ ಬೇಡ.

ನೀವು ಕಲಿಯುತ್ತಿರುವ ಪೈಲಟ್ ಆಗಿದ್ದರೆ, ಮುಂದಿನ ಬಾರಿ ಥ್ರಾಟಲ್ ಮುಂದಕ್ಕೆ ತಳ್ಳುವ ಮೊದಲು ಆ ಸಂಖ್ಯೆಯನ್ನೂ, ಇಳಿಯುವ ಜಾಗವನ್ನೂ ಪಕ್ಕದಲ್ಲಿ ಕೂತವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ.